ಎಣಿಕೆಯ ಸದ್ದು

ಶಿಷ್ಯ ಮರುಳಯ್ಯ ಕೇಳಿದ: “ಗುರುಗಳೇ, ಬ್ಯಾಂಕು ಮುಳುಗಿದಾಗ ಒಂದೇ ದಿನದಲ್ಲಿ ಮುಳುಗಿದಂತೆ ಕಾಣುತ್ತದೆ. ಅದಕ್ಕೂ ಮೊದಲು ಸೂಚನೆಗಳೇ ಇರುವುದಿಲ್ಲವೇ?”

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಅಡಿವೆಪ್ಪನೆಂಬ ಬಳೆ ವ್ಯಾಪಾರಿ ಇದ್ದ. ಅವನ ತಂಗಿ ನೀಲವ್ವ ಗಂಡನನ್ನು ಕಳೆದುಕೊಂಡವಳು. ಗಂಡನ ಪಾಲಿನ ಹೊಲ ಮಾರಿ ಬಂದ ಹಣವನ್ನು ಅವಳು ಅಣ್ಣನ ಕೈಗೆ ಕೊಟ್ಟು, “ಇದನ್ನು ಎಲ್ಲಿಡಬೇಕೋ ನೀನೇ ನೋಡು” ಎಂದಳು. ಅವನು ತನ್ನ ಹಣದ ಜೊತೆಗೇ ಅದನ್ನೂ ಊರಿನ ಬ್ಯಾಂಕಿನಲ್ಲಿಟ್ಟ. ಬೇರೆಲ್ಲೂ ಸಿಗದ ಬಡ್ಡಿ ಅಲ್ಲಿ ಸಿಗುತ್ತಿತ್ತು. ಅದು ಹೇಗೆ ಸಿಗುತ್ತದೆಂದು ಯಾರೂ ಕೇಳಲಿಲ್ಲ. ಬ್ಯಾಂಕಿನ ಅಧ್ಯಕ್ಷರು ದೊಡ್ಡ ಮನುಷ್ಯರು. ಊರಿನ ಎಲ್ಲ ಮದುವೆಗಳಲ್ಲೂ ಮೊದಲ ಅಕ್ಷತೆ ಅವರದೇ.

ನೀಲವ್ವನ ಮಗಳಿಗೆ ಗಂಡು ಗೊತ್ತಾಯಿತು. ಹಣ ತರಲು ಅಡಿವೆಪ್ಪ ಬ್ಯಾಂಕಿಗೆ ಹೋದ. ಹಳೆಯ ಕ್ಯಾಷಿಯರ್ ಇರಲಿಲ್ಲ. ಕೆಲಸ ಬಿಟ್ಟರು ಎಂದರು, ಯಾಕೆಂದು ಹೇಳಲಿಲ್ಲ. ಮರದ ಬೆಂಚುಗಳ ಜಾಗದಲ್ಲಿ ಮೆತ್ತನೆಯ ಕುರ್ಚಿಗಳು ಬಂದಿದ್ದವು. ಹಣ ಕೇಳಲು ಬಂದವರಿಗೆಲ್ಲ ಬಾದಾಮಿ ಹಾಲು ಕೊಡುತ್ತಿದ್ದರು. ಒಳಕೋಣೆಯ ಮುಚ್ಚಿದ ಬಾಗಿಲ ಹಿಂದೆ ನೋಟು ಎಣಿಸುವ ಯಂತ್ರದ ಸದ್ದು ಬಿಡದೆ ಕೇಳುತ್ತಿತ್ತು. ಆ ಸದ್ದು ಕೇಳಿ ಅವನಿಗೆ ಸಮಾಧಾನವಾಯಿತು.

ಅಧ್ಯಕ್ಷರೇ ಎದ್ದು ಬಂದು ಅವನ ಕೈ ಹಿಡಿದರು. “ಅಡಿವೆಪ್ಪನವರೇ, ನಿಮ್ಮ ಹಣ ನೀವು ಯಾವಾಗ ಬೇಕಾದರೂ ಒಯ್ಯಬಹುದು. ಆದರೆ ಇವತ್ತೇ ಬೇಕೇ? ನಿಮ್ಮಂಥವರೇ ನಮ್ಮನ್ನು ನಂಬದಿದ್ದರೆ ಹೇಗೆ?”

ಕುರ್ಚಿಗಳಲ್ಲಿ ಕುಳಿತವರು ತಿರುಗಿ ನೋಡಿದರು. ಅಡಿವೆಪ್ಪ ತಲೆ ತಗ್ಗಿಸಿದ. “ಛೇ, ನಂಬಿಕೆಯ ಮಾತಲ್ಲ. ಅವಸರವೇನಿಲ್ಲ ಬಿಡಿ” ಎಂದು ಹಾಲು ಕುಡಿದು ಹಿಂದಿರುಗಿದ.

ಮದುವೆ ಹತ್ತಿರವಾಯಿತು. ಅವನು ಮತ್ತೆ ಹೋದ. ಅಂದೂ ಅದೇ ಸದ್ದು. ಆದರೆ ಆ ಕೋಣೆಯೊಳಕ್ಕೆ ಹಣ ಹೋದದ್ದನ್ನಾಗಲಿ ಅಲ್ಲಿಂದ ಹಣ ಬಂದದ್ದನ್ನಾಗಲಿ ಅವನು ಕಾಣಲಿಲ್ಲ. ಕಾದು ಬೇಸತ್ತು ಎದ್ದ. ಗಾಳಿಗೆ ಬಾಗಿಲು ತುಸು ಸರಿದಿತ್ತು. ಇಣುಕಿದ.

ಒಳಗೆ ಕಪಾಟುಗಳೆಲ್ಲ ಬರಿದಾಗಿದ್ದವು. ಯಂತ್ರದ ಮುಂದೆ ಒಬ್ಬನೇ ಕುಳಿತಿದ್ದ. ನೋಟಿನ ಒಂದು ಕಟ್ಟನ್ನು ಯಂತ್ರಕ್ಕೆ ಕೊಡುತ್ತಿದ್ದ. ಎಣಿಸಿ ಬಿದ್ದದ್ದನ್ನು ಎತ್ತಿ ಮತ್ತೆ ಅದಕ್ಕೇ ಕೊಡುತ್ತಿದ್ದ. ಅವನು ಅಡಿವೆಪ್ಪನನ್ನು ಕಂಡ. ಬೆಚ್ಚಲಿಲ್ಲ, ಕೈ ನಿಲ್ಲಿಸಲಿಲ್ಲ. ಮನೆಗೆ ಬಂದ ನೆಂಟನನ್ನು ನೋಡಿದಂತೆ ನೋಡಿ ನಕ್ಕ.

ಅಡಿವೆಪ್ಪ ಹಿಂದೆ ಸರಿದು, ಬಾಗಿಲನ್ನು ತಾನೇ ಮೆಲ್ಲಗೆ ಮುಚ್ಚಿದ. ಹೊರಗೆ ಜನ ಲೋಟ ಹಿಡಿದು, ಆ ಸದ್ದನ್ನು ಕೇಳುತ್ತ ನೆಮ್ಮದಿಯಿಂದ ಕುಳಿತಿದ್ದರು. ಅವನಿಗೆ ಕೂಗಬೇಕೆನಿಸಿತು. ಕೂಗಿದರೆ ಎಲ್ಲರೂ ಒಮ್ಮೆಲೇ ಮುನ್ನುಗ್ಗುತ್ತಾರೆ, ತನಗೆ ಏನೂ ಉಳಿಯುವುದಿಲ್ಲ ಎಂದೂ ಅನಿಸಿತು. ಕುರ್ಚಿಗೆ ಹಿಂದಿರುಗಿ ಕುಳಿತ. ಹಾಲು ಬಂತು. ಕುಡಿದ. ನಾಳೆ ಬನ್ನಿ ಎಂದರು.

ಮರುದಿನ ಬ್ಯಾಂಕಿಗೆ ಬೀಗ ಬಿದ್ದಿತ್ತು. ಊರೆಲ್ಲ ಅದರ ಮುಂದೆ ಸೇರಿತ್ತು. ಕೆಲವರು ಬಾಗಿಲಿಗೆ ಕಿವಿಯಿಟ್ಟು, “ಎಣಿಸುತ್ತಿದ್ದಾರೆ, ಕೇಳಿಸುತ್ತಿದೆ” ಎನ್ನುತ್ತಿದ್ದರು. ಕೋಣೆಯೊಳಗಿನದನ್ನು ಕಣ್ಣಾರೆ ಕಂಡಿದ್ದ ಅಡಿವೆಪ್ಪನೂ ಹೋಗಿ ಕಿವಿಯಿಟ್ಟ. ಅವನಿಗೂ ಕೇಳಿಸಿತು.

ಮದುವೆ ಮುರಿಯಿತು. ನೀಲವ್ವ ಅಣ್ಣನನ್ನು ಬೈಯಲಿಲ್ಲ. “ಅಣ್ಣಾ, ಹೋಗಿ ಬಂದಿದ್ದೆಯಲ್ಲ, ನಿನಗೇನೂ ಕಾಣಲಿಲ್ಲವೇ?” ಎಂದಷ್ಟೇ ಕೇಳಿದಳು.

“ಇಲ್ಲ” ಎಂದ ಅವನು. ಆಮೇಲೆ ತಂಗಿಯ ಮನೆಯಿರುವ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ, “ಹಾಗಾದರೆ ಕೋಣೆಯಲ್ಲಿ ಕಂಡದ್ದೇ ಸೂಚನೆ. ಅದು ಕಾಣುವ ಹೊತ್ತಿಗೆ ತಡವಾಗಿತ್ತು, ಅಷ್ಟೇ” ಎಂದ.

ಗುರುಗಳು ಹೇಳಿದರು: “ತಾನು ಇಟ್ಟದ್ದನ್ನು ಕೇಳಲು ಅವನಿಗೆ ನಾಚಿಕೆಯಾಯಿತಲ್ಲ, ಅದು ಮೊದಲ ಸೂಚನೆ.”