ನಾಡಿ ನೋಡದ ವೈದ್ಯ

ಚಿಕ್ಕತಾಯಮ್ಮ ಮಾತಾಡುತ್ತಲೇ ಎಡಗೈ ಮಣಿಕಟ್ಟಿನ ಮೇಲೆ ಬಲಗೈಯ ಎರಡು ಬೆರಳು ಇಡುತ್ತಿದ್ದಳು. ಅಕ್ಕಿ ಆರಿಸುವಾಗ ಒಂದು ಸಲ. ನೀರು ಸೇದುವ ಮುಂಚೆ ಒಂದು ಸಲ, ಸೇದಿದ ಮೇಲೆ ಇನ್ನೊಂದು ಸಲ. ತುಟಿಗಳು ಸದ್ದಿಲ್ಲದೆ ಎಣಿಸುತ್ತಿದ್ದವು.

ಹೊಳೆದಡದ ಆ ಆಶ್ರಮಕ್ಕೆ ಅವಳು ಬಂದು ಒಂಬತ್ತು ದಿನವಾಗಿತ್ತು.

ಎರಡು ವರ್ಷದ ಹಿಂದೆ, ತೆಪ್ಪದಲ್ಲಿ ಹೊಳೆ ದಾಟುವಾಗ, ನಡುನೀರಿನಲ್ಲಿ ಅವಳ ಎದೆ ಇದ್ದಕ್ಕಿದ್ದಂತೆ ಡವಡವ ಹೊಡೆದುಕೊಂಡಿತು. ಕೈಕಾಲು ತಣ್ಣಗಾದವು. ಉಸಿರು ಸಿಗಲಿಲ್ಲ. ಸತ್ತೇಹೋದೆ ಅಂದುಕೊಂಡಳು.

ಸಾಯಲಿಲ್ಲ. ಆದರೆ ಮತ್ತೆ ತೆಪ್ಪ ಹತ್ತಲಿಲ್ಲ. ಆಮೇಲೆ ಬಸ್ಸು ಬಿಟ್ಟಳು, ಸಂತೆ ಬಿಟ್ಟಳು. ಕೊನೆಗೆ ಮನೆ ಬಾಗಿಲು ದಾಟುವುದಕ್ಕೂ ಯಾರಾದರೂ ಜೊತೆ ಬೇಕಾಯಿತು.

ಪಟ್ಟಣದ ಡಾಕ್ಟರು ಎರಡು ಸಲ ಪರೀಕ್ಷೆ ಮಾಡಿ, ಹೃದಯ ಗಟ್ಟಿಯಾಗಿದೆ ಅಂದರು. ಮನೆಯವರು ನಾಟಕ ಅಂದರು.

ಆಚೆ ದಡದ ಊರಿನಲ್ಲಿ ಅವಳ ಮಗಳಿದ್ದಳು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬರಬೇಕಾದವಳು, ಅಮ್ಮನ ಈ ಪಾಡು ನೋಡಿ ಅತ್ತೆ ಮನೆಯಲ್ಲೇ ಹೆತ್ತಳು. ಇನ್ನು ಹನ್ನೆರಡು ದಿನಕ್ಕೆ ತೊಟ್ಟಿಲ ಶಾಸ್ತ್ರ. ತಾಯಿಯ ತಾಯಿಯೇ ಮಗುವನ್ನು ತೊಟ್ಟಿಲಿಗೆ ಹಾಕಬೇಕು.

'ನೀನು ಬರದಿದ್ರೆ ತೊಟ್ಟಿಲು ಖಾಲಿ ತೂಗ್ತೀನಿ' ಅಂತ ಮಗಳು ಹೇಳಿ ಕಳಿಸಿದ್ದಳು.

ಆಶ್ರಮದ ಗುರು ಗಿರಿಜವ್ವ. ಎಲ್ಲರೂ ಕರೆಯುತ್ತಿದ್ದುದು ಅವ್ವ ಅಂತ. ಅವರ ಬಳಿ ಮರಿದೇವ ಆರು ವರ್ಷದಿಂದ ನಾಡಿ ನೋಡುವುದನ್ನು ಕಲಿಯುತ್ತಿದ್ದ. ಮೂವತ್ತು ದಾಟಿದ ಆಳು. ಅವನ ಬೆರಳು ಸುಳ್ಳು ಹೇಳುವುದಿಲ್ಲ ಅಂತ ಸುತ್ತಲಿನ ಊರಿನವರು ನಂಬಿದ್ದರು.

ಚಿಕ್ಕತಾಯಮ್ಮ ಮತ್ತೆ ಅವನ ಮುಂದೆ ಬಂದು ಕೈ ಚಾಚಿದಳು.

"ಅಪ್ಪಾ, ಒಂದೇ ಒಂದು ಸಲ ನೋಡಪ್ಪ."

ಮರಿದೇವ ನೋಡಿದ. "ಚೆನ್ನಾಗಿದೆ ಅಕ್ಕ. ಕುದುರೆ ಹಾಗಿದೆ."

"ಕುದುರೆ ಹಾಗೆ ಓಡ್ತಿದೆಯಾ?"

"ಇಲ್ಲಕ್ಕ. ಗಟ್ಟಿಯಾಗಿದೆ ಅಂದೆ."

ಅವಳ ಮುಖ ಹಗುರಾಯಿತು. ಒಂದು ಎಲೆ ಅಡಿಕೆ ಜಗಿದು ಮುಗಿಸುವಷ್ಟು ಹೊತ್ತು ಹಗುರಾಗಿಯೇ ಇತ್ತು. ಆಮೇಲೆ ಎದ್ದು ಮತ್ತೆ ಬಂದಳು.

ಬೇರು ಕುಟ್ಟುತ್ತಿದ್ದ ಅವ್ವ ಕೇಳಿದರು. "ಇವತ್ತಿಗೆ ಎಷ್ಟನೇ ಸಲ, ಮರಿದೇವ?"

"ಹನ್ನೊಂದು."

"ಬಂದ ದಿನ?"

"ಮೂರು."

"ನಿನ್ನ ಔಷಧಿ ಚೆನ್ನಾಗಿ ಹತ್ತಿದೆ."

ಮರಿದೇವನಿಗೆ ಚುಚ್ಚಿತು. "ನಾನು ಧೈರ್ಯ ತಾನೇ ಹೇಳ್ತಿರೋದು, ಅವ್ವ?"

ಅವ್ವ ಒನಕೆ ಕೆಳಗಿಟ್ಟರು. "ನಾಳೆ ಬೆಳಗ್ಗೆಯಿಂದ ನಿನ್ನ ನಾಡಿ ನೀನೇ ನೋಡ್ಕೋ. ತೋಟಕ್ಕೆ ನೀರು ಹಾಕ್ತೀಯಲ್ಲ, ಒಂದು ಸಾಲು ಮುಗಿದಾಗ ಒಂದು ಸಲ."

ಮರುದಿನ ಅವನು ಹಾಗೇ ಮಾಡಿದ. ಮೊದಲ ನಾಲ್ಕು ಸಾಲು ತಮಾಷೆಯಾಗಿತ್ತು. ಹತ್ತನೇ ಸಾಲಿಗೆ ನಾಡಿ ಕೊಂಚ ಜೋರು ಅನ್ನಿಸಿತು. ಮಧ್ಯಾಹ್ನ ಒಂದು ಬಡಿತ ತಪ್ಪಿತು, ಅಥವಾ ತಪ್ಪಿದ ಹಾಗಾಯಿತು. ಊಟಕ್ಕೆ ಏಳಲಿಲ್ಲ. ಆಮೇಲೆ ಸಾಲು ಮುಗಿಯುವವರೆಗೂ ಕಾಯಲಿಲ್ಲ, ಗಿಡಕ್ಕೊಂದು ಸಲ ನೋಡಿಕೊಂಡ.

ಹೊತ್ತು ಇಳಿಯುವಾಗ ಅವ್ವನ ಮುಂದೆ ನಿಂತ.

"ಅವ್ವ, ಎಡಗೈಯಲ್ಲಿ ಒಂದೊಂದು ಸಲ ತಪ್ಪುತ್ತಿದೆ. ಸ್ವಲ್ಪ ನೋಡ್ತೀರಾ?"

ಅವ್ವ ಕೈ ಚಾಚಲಿಲ್ಲ. 

ಅವನು ಚಾಚಿದ ತನ್ನ ಕೈಯನ್ನೇ ನೋಡಿದ. ಆಮೇಲೆ ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು ಅಲ್ಲೇ ಕೂತ.

"ಊಟ ಬಿಟ್ಟೆಯಂತೆ?"

"ಹೂಂ."

"ನಿಂದು ಒಂದು ದಿನ. ಅವಳದ್ದು ಎರಡು ವರ್ಷ."

"ಹಾಗಾದ್ರೆ ಅವಳಿಗೆ ಕಾಯಿಲೆ ಇಲ್ವಾ ಅವ್ವ?"

"ಯಾರು ಇಲ್ಲ ಅಂದೋರು? ಇದೆ. ಎದೆಗಲ್ಲ. ಹೆದರಿಕೆಗೇ ಜ್ವರ ಬಂದಿದೆ. ನೀನು ದಿನಕ್ಕೆ ಹನ್ನೊಂದು ಸಲ ಕಂಬಳಿ ಹೊದಿಸ್ತಿದ್ದೀಯ."

"ಮನೆಯವರು ನಾಟಕ ಅಂತಾರೆ."

"ಹಾವು ನೋಡಿ ಹೆದರಿದ್ರೂ ಬೆವರು ಬರುತ್ತೆ. ಹಾವಿಲ್ಲದೆ ಹೆದರಿದ್ರೂ ಬರೋದು ಅದೇ ಬೆವರು. ನಾಟಕದಲ್ಲಿ ಯಾರಾದ್ರೂ ಹಾಗೆ ಬೆವರ್ತಾರಾ?"

ಮಾರನೆಯ ದಿನ ಅವ್ವ ಚಿಕ್ಕತಾಯಮ್ಮನನ್ನು ಹೊಳೆ ಮೆಟ್ಟಿಲಿಗೆ ಕರೆದರು. ಮೂವತ್ತೆರಡು ಮೆಟ್ಟಿಲು.

"ಬೇಗ ಬೇಗ ಹತ್ತು."

"ಎದೆ ಹೊಡ್ಕೊಳ್ಳುತ್ತೆ ಅವ್ವ."

"ಹೊಡ್ಕೊಳ್ಳಲಿ ಅಂತಲೇ ಹತ್ತು ಅಂದಿದ್ದು."

ಹತ್ತಿದಳು. ತುದಿಯಲ್ಲಿ ಕುಸಿದು ಕೂತಳು. ಎದೆ ನಗಾರಿಯಾಗಿತ್ತು. ಬೆರಳು ಮಣಿಕಟ್ಟಿನ ಕಡೆ ಹೊರಟಿತು.

"ಕೈ ಮಂಡಿ ಮೇಲೆ," ಅಂದರು ಅವ್ವ.

ಅವಳು ಮರಿದೇವನ ಕಡೆ ತಿರುಗಿದಳು. "ಅಪ್ಪಾ, ನೀನಾದ್ರೂ ನೋಡು. ನಂಗೇನೂ ಆಗಲ್ಲ ತಾನೇ?"

ಅವನಿಗೆ ಬೆರಳು ತುರಿಸಿದವು. ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ.

"ಗೊತ್ತಿಲ್ಲ ಅಕ್ಕ."

"ಏನಾದ್ರೂ ಆದ್ರೆ?"

"ಗೊತ್ತಿಲ್ಲ ಅಕ್ಕ."

"ನೀನು ಎಂಥಾ ವೈದ್ಯನೋ?"

"ಅದೂ ಗೊತ್ತಿಲ್ಲ ಅಕ್ಕ."

ಅವಳು ಅತ್ತಳು. ಅವನನ್ನು ಬೈದಳು. ಅವನಿಗೆ ವಿದ್ಯೆ ಕಲಿಸಿದವರನ್ನೂ ಬೈದಳು. ಕಲಿಸಿದವರು ಪಕ್ಕದಲ್ಲೇ ಕೂತು ಕೇಳುತ್ತಿದ್ದರು.

ಬೈಗುಳ ಮುಗಿಯಿತು. ಯಾರೂ ಏನೂ ಮಾಡಲಿಲ್ಲ. ಕೊಂಚ ಹೊತ್ತಾದ ಮೇಲೆ ಅವಳು ತಗ್ಗಿದ ದನಿಯಲ್ಲಿ ಅಂದಳು, "ಇಳೀತು."

"ಯಾರು ಇಳಿಸಿದ್ರು?" ಅವ್ವ ಕೇಳಿದರು.

ಚಿಕ್ಕತಾಯಮ್ಮ ತನ್ನ ಎರಡು ಕೈಗಳನ್ನು ನೋಡಿದಳು. ಅವು ಮಂಡಿ ಮೇಲೇ ಇದ್ದವು.

ಮರುದಿನ ಮೂರು ಸಲ ಹತ್ತಿದಳು. ಅದರ ಮರುದಿನ ಐದು ಸಲ. ನಾಲ್ಕನೇ ದಿನ ಮೊದಲ ಮೆಟ್ಟಿಲಿನಲ್ಲೇ ನಡುಗಿ, ಕೋಣೆಗೆ ಓಡಿ ಕದ ಹಾಕಿಕೊಂಡಳು.

"ಎಲ್ಲಾ ನೀರಲ್ಲಿ ಹೋಯ್ತು," ಅಂದ ಮರಿದೇವ.

"ನಿನ್ನೆ ಐದು ಸಲ ಹತ್ತಿದ ಕಾಲು ಅವಳ ಹತ್ರಾನೇ ಇದೆಯಲ್ಲ," ಅಂದರು ಅವ್ವ. ಕದದ ಹೊರಗೆ ಕೂತು ಸೊಪ್ಪು ಬಿಡಿಸತೊಡಗಿದರು.

ಸಂಜೆಗೆ ಕದ ತೆರೆಯಿತು.

ಆಮೇಲೆ ಅವಳು ದಡಕ್ಕೆ ಕಟ್ಟಿದ ತೆಪ್ಪದಲ್ಲಿ ಸುಮ್ಮನೆ ಕೂತಳು. ಆಮೇಲೆ ಹಗ್ಗದಷ್ಟು ದೂರ ಹೋಗಿ ಬಂದಳು. ಹೋದಾಗಲೆಲ್ಲ ಹೆದರಿಕೆ ಬಂತು. ಬಂದಾಗಲೆಲ್ಲ ಕಾದಳು. ಕಾದಾಗಲೆಲ್ಲ ಅದು ಇಳಿಯಿತು.

ತೊಟ್ಟಿಲ ಶಾಸ್ತ್ರದ ದಿನ ಬೆಳಗ್ಗೆ ಚಿಕ್ಕತಾಯಮ್ಮ ಹಸಿರು ಸೀರೆ ಉಟ್ಟು, ಮಡಿಲಲ್ಲಿ ಮಗುವಿನ ಕುಲಾವಿ ಇಟ್ಟುಕೊಂಡು ಬಂದಳು.

"ಮರಿದೇವಪ್ಪ ಜೊತೇಲಿ ಬರಲಿ ಅವ್ವ."

"ಅವನು ಬಂದ್ರೆ ನಿನ್ನ ಜೊತೆ ಅವನ ಕೈಯೂ ಬರುತ್ತೆ."

ತೆಪ್ಪದಲ್ಲಿ ಅಂಬಿಗ ಮಾಯಿಗ ಒಬ್ಬನೇ ಇದ್ದ. ಅವಳು ಹತ್ತಿದಳು. ಗುರು ಶಿಷ್ಯ ಇಬ್ಬರೂ ಮೆಟ್ಟಿಲ ಬುಡದಲ್ಲಿ ನಿಂತರು.

ನಡುನೀರಿನಲ್ಲಿ ತೆಪ್ಪ ಒಂದು ಸುತ್ತು ತಿರುಗಿತು. ಅವಳು ಮುಂದಕ್ಕೆ ಬಾಗಿದಳು. ಬಲಗೈ ಎಡಗೈಯ ಕಡೆ ಹೋಗುವುದು ದಡದವರೆಗೂ ಕಾಣಿಸಿತು.



"ಅವ್ವಾ, ಹೊಡ್ಕೋತಿದೆ," ಎಂದು ಕೂಗಿದಳು.

"ಹೊಡ್ಕೊಳ್ಳಲಿ ಬಿಡು," ಎಂದು ಅವ್ವ ಕೂಗಿದರು.

ಬಲಗೈ ನಡುದಾರಿಯಲ್ಲಿ ನಿಂತಿತು. ಆಮೇಲೆ ಮೇಲೆದ್ದು, ಸೆರಗು ಬಿಗಿದು, ಮಾಯಿಗನ ಮೂತಿಯ ಮುಂದೆ ಆಡಿತು.

"ನನ್ನ ಮುಖ ಏನು ನೋಡ್ತಾ ಕೂತಿದ್ದೀಯ? ಹುಟ್ಟು ಹಾಕು. ಮೊಮ್ಮಗಳು ಕಾಯ್ತಿದ್ದಾಳೆ."

ಆ ದನಿ ಎರಡು ದಡಕ್ಕೂ ಕೇಳಿತು.

ಆಚೆ ದಡದಲ್ಲಿ ಅಳಿಯ ಮೊಣಕಾಲುದ್ದ ನೀರಿಗಿಳಿದು ಕೈ ಕೊಟ್ಟ. ಅವಳು ಕುಲಾವಿಯನ್ನು ಅವನ ಕೈಯಲ್ಲಿಟ್ಟು, ತಾನೇ ಇಳಿದಳು. ದಿಬ್ಬ ಹತ್ತಿದಳು. ಮೇಲೆ ಮಗಳು ಮಗುವನ್ನೆತ್ತಿಕೊಂಡು ನಿಂತಿದ್ದಳು. ಮೂರೂ ಜನ ಒಂದೇ ಬಣ್ಣದ ಗಂಟಾಗಿ ಕಂಡರು.

ಮರಿದೇವ ಮೂವತ್ತೆರಡು ಮೆಟ್ಟಿಲನ್ನೂ ಒಂದೇ ಉಸಿರಿಗೆ ಓಡಿ ಹತ್ತಿದ. ಯಾಕೆ ಅಂತ ಅವನಿಗೂ ತಿಳಿಯಲಿಲ್ಲ.

ಮೂರನೆಯ ದಿನ ಚಿಕ್ಕತಾಯಮ್ಮ ಒಬ್ಬಟ್ಟಿನ ಡಬ್ಬಿ ಹಿಡಿದು ವಾಪಸು ಬಂದಳು.

"ಬರುವಾಗ ಎರಡು ಸಲ ಬಂತು ಅವ್ವ. ಬಾ, ಕೂತ್ಕೋ ಅಂದೆ. ತೆಪ್ಪದಲ್ಲಿ ಜಾಗ ಸಾಲಲಿಲ್ಲವೇನೋ, ಎದ್ದು ಹೋಯ್ತು."

ಮೂವರೂ ನಕ್ಕರು. ಒಬ್ಬಟ್ಟು ತಿಂದರು.

ಮರಿದೇವ ಕೇಳಿದ. "ಅವ್ವ, ನಾನು ಓದಿದ ಯಾವ ಗ್ರಂಥದಲ್ಲೂ ಇದು ಇಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

ಅವ್ವ ಕೈ ತೊಳೆದರು. ಸೆರಗಿನಲ್ಲಿ ಒರೆಸಿಕೊಂಡರು. ಶಿಷ್ಯನ ಕಡೆ ನೋಡದೆ ಚಿಕ್ಕತಾಯಮ್ಮನ ಪಕ್ಕ ಬಂದು ಕೂತರು.

"ತಾಯಮ್ಮ, ಮುಂದಿನ ಸಲ ಮೊಮ್ಮಗಳನ್ನ ನೋಡೋಕೆ ಹೋಗುವಾಗ ನನ್ನನ್ನೂ ತೆಪ್ಪದಲ್ಲಿ ಕೂರಿಸ್ಕೊಂಡು ಹೋಗ್ತೀಯಾ? ನಾನು ಆ ದಡ ತುಳಿದು ಇಪ್ಪತ್ತೆರಡು ವರ್ಷ ಆಯ್ತು."