ಮಿಂಚುಹುಳದ ಮರ ಆರಿದ ಸಂಜೆ

ನೆಟ್ಟಗೆ ಕುಳಿತು ಕೇಳಿ, ಮಕ್ಕಳೇ. ಏಳು ಬೆಟ್ಟದಾಚೆಯ ಕಾಡನ್ನು ಆನೆರಾಯ ಆಳುತ್ತಿದ್ದ. ಅಲ್ಲಿನ ಪ್ರಾಣಿಗಳು ಜೇನುಗೂಡುಗಳಲ್ಲಿ ಪಾಲು ಕೊಳ್ಳುತ್ತಿದ್ದವು, ಪಾಲು ಮಾರುತ್ತಿದ್ದವು. ಅದಕ್ಕಾಗಿ ಯಾರೂ ಸಂತೆಗೆ ನಡೆಯಬೇಕಿರಲಿಲ್ಲ. ಮುಚ್ಚಂಜೆಗೆ ದೊಡ್ಡ ಮತ್ತಿಮರದಲ್ಲಿ ಮಿಂಚುಹುಳಗಳು ಹೊತ್ತಿಕೊಳ್ಳುತ್ತಿದ್ದವು. ಮೇಲಿನ ಕೊಂಬೆಯಲ್ಲಿ ಮಿನುಗಿದರೆ ಬೆಲೆ ಏರಿತೆಂದು ಅರ್ಥ, ಕೆಳಗಿನ ಕೊಂಬೆಯಲ್ಲಾದರೆ ಇಳಿಯಿತೆಂದು ಅರ್ಥ. ಪ್ರತಿ ಮನೆಯ ಬಾಗಿಲಲ್ಲೂ ಒಂದು ಹುಳ. ಅದಕ್ಕೆ 'ಕೊಂಡೆ' ಎಂದರೂ ಸಾಕು, 'ಮಾರಿದೆ' ಎಂದರೂ ಸಾಕು. ಅದು ಮಿನುಗಿ ಮರಕ್ಕೆ ಸುದ್ದಿ ಮುಟ್ಟಿಸುತ್ತಿತ್ತು.

ಮರದ ಯಜಮಾನಿಕೆ ಗೂಬಯ್ಯನದು.

ಅಳಿಲು ಚೆನ್ನಕ್ಕ ಮಳೆಗಾಲಕ್ಕೆ ಕೂಡಿಟ್ಟ ಹಲಸಿನ ಬೀಜವನ್ನೆಲ್ಲ ಜೇನಿನ ಪಾಲಿಗೆ ಹಾಕಿದ್ದಳು. ಮಳೆ ಹಿಡಿಯುವ ಮುಂಚೆ ಪಾಲು ಮಾರಿ ಬೀಜ ತರಬೇಕು. ಇಲ್ಲದಿದ್ದರೆ ಮರಿಗಳಿಗೆ ಉಪವಾಸ.

ಒಂದು ಸಂಜೆ, ಬೆಟ್ಟದ ಹೂವೆಲ್ಲ ಉದುರಿತೆಂದು ಸುದ್ದಿ ಬಂತು. ಎಲ್ಲರೂ 'ಮಾರಿದೆ' ಎನ್ನುವಷ್ಟರಲ್ಲಿ ಮರ ಕತ್ತಲಾಯಿತು. ಕತ್ತಲಲ್ಲಿ ಕಣ್ಣು ಕಾಣುವುದು ಯಾರಿಗೆ? ಗೂಬಯ್ಯನಿಗೆ. ಅವನು ತನ್ನ ಪಾಲನ್ನು ಸುದ್ದಿ ತಿಳಿಯದ ಪಕ್ಕದ ಕಾಡಿನ ಬಾವಲಿಗಳಿಗೆ ಹಳೆಯ ಬೆಲೆಗೇ ಮಾರಿದ. ಆಮೇಲೆ ಮರ ಹೊತ್ತಿತು. ಬೆಲೆ ಬುಡದ ಕೊಂಬೆಗೆ ಬಿದ್ದಿತ್ತು. ಕೇಳಿದವರಿಗೆ, ಗಾಳಿ ಜೋರಾಗಿತ್ತು ಎಂದ.

ಇನ್ನೊಂದು ಸಂಜೆ, ಕರಡಿ ಗೂಡುಗಳಿಗೆ ಕೈ ಹಾಕಿತೆಂದು ಸುದ್ದಿ ಬಂತು. ಮತ್ತೆ ಕತ್ತಲು, ಮತ್ತೆ ಬಾವಲಿಗಳು, ಮತ್ತೆ ಬಿದ್ದ ಬೆಲೆ. ಈ ಸಲ, ಹುಳಗಳಿಗೆ ನೆಗಡಿ ಎಂದ.

ಚೆನ್ನಕ್ಕ ತನ್ನ ಬಾಗಿಲಿನ ಹುಳವನ್ನು ಮೆಲ್ಲನೆ ವಿಚಾರಿಸಿದಳು. ಎರಡು ಸಲವೂ ಆರಿದ್ದು ಯಜಮಾನನ ಅಪ್ಪಣೆಯಿಂದಂತೆ. ಮೊದಲು ಹುಳಗಳ ಎರಡು ತಂಡ ಸರದಿಯ ಮೇಲೆ ದುಡಿಯುತ್ತಿದ್ದವಂತೆ. ಹುಳಗಳಿಗೆ ಉಣಿಸುವ ಮಕರಂದ ದಂಡವೆಂದು ಗೂಬಯ್ಯ ಒಂದು ತಂಡವನ್ನೇ ಓಡಿಸಿದ್ದನಂತೆ. ಅವನ ಕೊಕ್ಕಿಗೆ ಹೆದರಿ ಯಾವ ಹುಳವೂ ಸಭೆಯಲ್ಲಿ ಬಾಯಿ ಬಿಡದು.

"ಇನ್ನೊಂದು ದೊಡ್ಡ ವ್ಯಾಪಾರ ಬಂದರೆ ನಾವು ನಿಜವಾಗಿಯೂ ಆರಿಹೋಗುತ್ತೇವೆ, ಅಕ್ಕಾ," ಎಂದಿತು ಹುಳ.

ಮರುದಿನ ಚೆನ್ನಕ್ಕ ಆನೆರಾಯನ ಸಭೆಗೆ ಹೋಗಿ, ದೀಪ ಹೀಗೆ ಆರುತ್ತಿದ್ದರೆ ಬಡವರು ಬದುಕುವುದು ಹೇಗೆಂದು ಕೇಳಿದಳು. ಗೂಬಯ್ಯ ಕತ್ತು ಪೂರ್ತಿ ತಿರುಗಿಸಿ ನಕ್ಕ.

"ಬೀಜ ಕಡಿಯುವವಳಿಗೆ ಬೆಳಕಿನ ವಿದ್ಯೆ ಏನು ತಿಳಿಯುತ್ತದಮ್ಮ? ಇನ್ನು ನನ್ನ ಮರ ಆರುವುದೇ ಇಲ್ಲ."

"ತಮ್ಮ ಮಾತು ಬಂಗಾರ, ಯಜಮಾನರೇ. ಹಾಗಾದರೆ, ಅಕಸ್ಮಾತ್ ಆರಿದರೆ, ಆರುವ ಮುಂಚಿನ ಬೆಲೆಗೆ ನಮ್ಮೆಲ್ಲರ ಪಾಲನ್ನು ತಾವೇ ಕೊಳ್ಳುತ್ತೀರಿ, ಅಲ್ಲವೇ?"

ಸಭೆಯೆಲ್ಲ ಗೂಬಯ್ಯನ ಮುಖ ನೋಡಿತು. ಆಗದೆನ್ನಲು ನಾಚಿಕೆ. ಆರಿಸುವವನು ನಾನೇ, ಆರಿಸದಿದ್ದರಾಯಿತು ಎಂದುಕೊಂಡು, ಅರಸನೆದುರು ರೆಕ್ಕೆಯೆತ್ತಿ ಮಾತು ಕೊಟ್ಟ.

ಹೊಸ ಹೂ ಬಿಟ್ಟಿತು. ಬೆಲೆ ಮೊದಲಿನ ಕೊಂಬೆಗೆ ಏರಿದ ಸಂಜೆಯೇ ಮುಂಗಾರಿನ ಮೋಡ ಕವಿಯಿತು. ಮಳೆಯಲ್ಲಿ ಜೇನೆಲ್ಲಿ? ಮನೆಮನೆಯಿಂದಲೂ 'ಮಾರಿದೆ, ಮಾರಿದೆ' ಎಂಬ ಮಿನುಗು. ಗೂಬಯ್ಯ ಕೊಂಬೆಯಿಂದ ಕೊಂಬೆಗೆ ಹಾರಿದ. ಉರಿಯಿರಪ್ಪಾ, ನಿಮ್ಮ ಕಾಲಿಗೆ ಬೀಳುತ್ತೇನೆ ಎಂದು ಹುಳಗಳನ್ನು ಗೋಗರೆದ. ಪಾಪ, ಅವುಗಳಲ್ಲಿ ತ್ರಾಣವೇ ಇರಲಿಲ್ಲ. ಬೆಲೆ ಕದಲುವ ಮುಂಚೆಯೇ ಒಂದು ಆರಿತು, ಹತ್ತು ಆರಿದವು, ಮರವೇ ಆರಿತು.

"ಕೊಟ್ಟ ಮಾತು ನಡೆಸು," ಎಂದ ಆನೆರಾಯ.

ಗೂಬಯ್ಯನ ಪೊಟರೆ ಬರಿದಾಯಿತು. ಅವನು ಕೂಡಿಟ್ಟ ಬೀಜವೆಲ್ಲ ಮನೆಮನೆಗೆ ಹೋಯಿತು. ಅವನಿಗೆ ಉಳಿದದ್ದು ಮಳೆಗಾಲದ ಖಾಲಿ ಗೂಡುಗಳ ಪಾಲು. ಅರಸ ಓಡಿಹೋದ ತಂಡವನ್ನು ಕರೆಸಿ ಸರದಿ ಮಾಡಿಸಿದ. ಎರಡೂ ತಂಡಗಳಿಗೆ ಮಕರಂದ ಹೊರುವ ಕೆಲಸವನ್ನು ಗೂಬಯ್ಯನಿಗೇ ವಹಿಸಿದ. ಹೊರಗೆ ಮಳೆ ಸುರಿಯುತ್ತಿತ್ತು. ಒಳಗೆ ಚೆನ್ನಕ್ಕನ ಮರಿಗಳು ಹೊಟ್ಟೆ ತುಂಬ ತಿಂದು, ಬಾಲ ಕುಣಿಸಿ, ಒಂದರ ಮೇಲೊಂದು ಬಿದ್ದು ನಿದ್ದೆಹೋದವು.

ನೀತಿ ಇಷ್ಟೇ, ಮಕ್ಕಳೇ: ಹತ್ತು ಜನ ನಂಬಿದ ದೀಪವನ್ನು ಕಾಯುವವನು ಅದನ್ನು ತನ್ನ ಲಾಭಕ್ಕೆ ಆರಿಸಬಾರದು, ಅದು ತಾನಾಗಿ ಆರದಂತೆ ಮೊದಲೇ ನೋಡಿಕೊಳ್ಳಬೇಕು.