ಮರಿದೇವ ಮೋಟರ್ ಕೂರಿಸಿದ್ದು

ಮರಿದೇವನ ಕತೆ ಹೇಳ್ತೀನಿ, ಆದರೆ ಮೊದಲೇ ಒಂದು ಮಾತು. ಅವನು ಸೋಮಾರಿಯಲ್ಲ, ಸುಳ್ಳನೂ ಅಲ್ಲ. ಹೇಳಿದ ಕೆಲಸ ಬಿಟ್ಟವನೇ ಅಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಮ್ಮಿಯಿಲ್ಲ. ತೊಂದರೆಯೆಲ್ಲ ಅಲ್ಲೇ ಇದ್ದದ್ದು.

ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರ ಬೀದಿಯಲ್ಲಿ ಅವನ ಮನೆ. ಮನೆಯಲ್ಲಿ ಅವನು, ಅವನ ತಾಯಿ ಹೊಂಬಾಳಮ್ಮ, ಇಬ್ಬರೇ. ಮಗನಿಗೆ ಮೂವತ್ತು ದಾಟಿತ್ತು, ತಾಯಿಗೆ ಅವನ ಚಿಂತೆ ದಾಟಿರಲಿಲ್ಲ. ಅವಳು ನಲವತ್ತು ವರ್ಷ ಮರ ಕಡೆದ ಹೆಂಗಸು. ಅವಳು ಕಡೆದ ಬುಗುರಿ ಬಿಟ್ಟರೆ ನಿಂತಲ್ಲೇ ನಿದ್ದೆ ಹೋದ ಹಾಗೆ ತಿರುಗುತ್ತಿತ್ತು. ಆದರೆ ಎರಡು ವರ್ಷದಿಂದ ಬಲಗೈ ನಡುಗುತ್ತಿತ್ತು. ಕೈ ನಡುಗಿದರೆ ಉಳಿ ನಡುಗುತ್ತೆ, ಉಳಿ ನಡುಗಿದರೆ ಮರ ಕೆಡುತ್ತೆ. ಕೆಲಸ ನಿಂತಿತ್ತು.

ಮನೆಯ ಮೂಲೆಯಲ್ಲಿ ಒಂದು ಪುಟ್ಟ ಕಂಪ್ಯೂಟರ್ ಲೇತ್ ಇತ್ತು. ಅವಳ ಗಂಡ ಬದುಕಿದ್ದಾಗ ಹವ್ಯಾಸಕ್ಕೆ ಅಂತ ತಂದದ್ದು, ಮೇಜಿನ ಮೇಲೆ ಕೂರುವಷ್ಟು ಚಿಕ್ಕದು. ಕಂಪ್ಯೂಟರಿಗೆ ಆಕಾರ ಹೇಳಿಕೊಟ್ಟರೆ ಸಾಕು, ಎರಡು ಮೋಟರ್ ಸೇರಿ ಉಳಿಯನ್ನು ಉದ್ದಕ್ಕೂ ಅಡ್ಡಕ್ಕೂ ಸರಿಸಿ ಮರ ಕಡೆದು ಕೊಡುತ್ತಿದ್ದವು. ಆ ಎರಡು ಮೋಟರೂ ಸುಟ್ಟುಹೋಗಿದ್ದವು.

ಹೀಗಿರುವಾಗ ಒಂದು ಭಾನುವಾರ ಅಂಧ ಮಕ್ಕಳ ಶಾಲೆಯಿಂದ ಜಲಜಾಕ್ಷಿ ಟೀಚರ್ ಬಂದರು. ಅವರಿಗೂ ಕಣ್ಣು ಕಾಣುತ್ತಿರಲಿಲ್ಲ. ಶನಿವಾರ ಶಾಲೆಯಲ್ಲಿ ಚದುರಂಗದ ಪಂದ್ಯ, ಎರಡು ಮಣೆಗೆ ಅರವತ್ನಾಲ್ಕು ಕಾಯಿ ಬೇಕು ಅಂದರು. ಮಕ್ಕಳು ಮುಟ್ಟಿಯೇ ಗುರುತು ಹಿಡಿಯುವುದು, ಹಾಗಾಗಿ ಒಂದು ಪೇದೆಗೂ ಇನ್ನೊಂದು ಪೇದೆಗೂ ಕೂದಲೆಳೆ ವ್ಯತ್ಯಾಸ ಇರಬಾರದು ಅಂತಲೂ ಅಂದರು. ಹೊಂಬಾಳಮ್ಮ ಆಗಲ್ಲ ಅನ್ನಬೇಕು ಅಂತಿದ್ದಳು. ಅಷ್ಟರಲ್ಲಿ ಟೀಚರ್ ಗೂಡಿನಲ್ಲಿದ್ದ ಒಂದು ಹಳೇ ಬುಗುರಿಯ ಮೇಲೆ ಬೆರಳಾಡಿಸಿ, ಇಷ್ಟು ನುಣುಪು ನಾನು ಮುಟ್ಟೇ ಇಲ್ಲ ಅಂದುಬಿಟ್ಟರು. ಅವಳ ಬಾಯಿ ಆಯ್ತು ಅಂದುಬಿಟ್ಟಿತು.

ಸೋಮವಾರ ಬೆಳಿಗ್ಗೆ ಹೊಂಬಾಳಮ್ಮ ಸುಟ್ಟ ಮೋಟರ್ ಎರಡನ್ನೂ ಬಿಚ್ಚಿ ಚೀಲಕ್ಕೆ ಹಾಕಿದಳು. ಇನಾಯತ್ ಸಾಬರ ಮೋಟರ್ ಅಂಗಡಿಗೆ ಹೋಗು, ಇದನ್ನ ತೋರಿಸು, ಇದೇ ಥರದ್ದು ಎರಡು ತಗೊಂಡು ಬಾ ಅಂದಳು. ಹೂಂ ಅಂದ ಮರಿದೇವ.

ಸಾಬರು ಅಳತೆ ನೋಡಿ ಎರಡು ಹೊಸ ಮೋಟರ್ ಎತ್ತಿಕೊಟ್ಟರು. ಮರಿದೇವ ಅವನ್ನು ತಿರುಗಿಸಿ ನೋಡಿದ, ಮೂಗಿಗೆ ಹಿಡಿದು ಮೂಸಿದ. ಇದೇ ಥರದ್ದಲ್ಲ ಸಾಬರೇ, ಸುಟ್ಟ ವಾಸನೆ ಇಲ್ಲ ಅಂದ. ಬಿಡಿಭಾಗಕ್ಕೇನೋ ಬೇಕಿರಬೇಕು ಅಂದುಕೊಂಡು ಸಾಬರು ಗುಜರಿ ಬುಟ್ಟಿಯಿಂದ ಎರಡು ಸುಟ್ಟ ಮೋಟರ್ ಆರಿಸಿಕೊಟ್ಟರು. ಈಗ ಮನೆಯಲ್ಲಿ ನಾಲ್ಕು ಸುಟ್ಟ ಮೋಟರ್ ಆದವು.

ಹೊಂಬಾಳಮ್ಮ ಹಣೆ ಹಿಡಿದುಕೊಂಡಳು. ಹೊಸದು ತರಬೇಕು ಕಣಪ್ಪ, ಡಬ್ಬ ಒಡೆದಿರಬಾರದು, ಡಬ್ಬಕ್ಕೆ ಅಂಟಿಸಿದ ಟೇಪು ಕಿತ್ತಿರಬಾರದು, ಇದು ತಲೇಲಿರಲಿ ಅಂದಳು. ಹೂಂ ಅಂದ ಮರಿದೇವ.

ಸಂಜೆಗೆ ಹೊಸ ಮೋಟರ್ ಬಂದವು. ಡಬ್ಬ ಒಡೆದಿರಲಿಲ್ಲ, ಟೇಪು ಕಿತ್ತಿರಲಿಲ್ಲ. ಹೊಂಬಾಳಮ್ಮನಿಗೆ ಜೀವ ಬಂತು. ಅವನ್ನು ಲೇತಿಗೆ ಕೂರಿಸಿರು, ನಾನು ಮರ ನೋಡಿಕೊಂಡು ಬರ್ತೀನಿ ಅಂತ ಹೇಳಿ ಹಾಲೆಮರದ ತುಂಡು ತರಲು ಹೋದಳು. ಬಂದು ನೋಡಿದರೆ ಲೇತಿನ ಒಂದು ತುದಿಗೆ ಒಂದು ರಟ್ಟಿನ ಡಬ್ಬ, ಪಕ್ಕಕ್ಕೆ ಇನ್ನೊಂದು ರಟ್ಟಿನ ಡಬ್ಬ. ಎರಡನ್ನೂ ಹಸು ಕಟ್ಟುವ ಹಗ್ಗದಲ್ಲಿ ಬಿಗಿದು ಕಟ್ಟಿದ್ದ. ಟೇಪು ಮಾತ್ರ ಹೊಸದಾಗಿಯೇ ಇತ್ತು.

ಹೊಂಬಾಳಮ್ಮ ಹಗ್ಗ ಬಿಚ್ಚುತ್ತಾ ಬೈದಳು. ಏನನ್ನೇ ಕೂರಿಸಬೇಕಾದ್ರೂ ಮೈಮೇಲೆ ಇರೋದನ್ನೆಲ್ಲ ಬಿಚ್ಚಿ ತೆಗೆದು, ಆಮೇಲೆ ಕೂರಿಸಬೇಕು, ಅಷ್ಟೂ ಗೊತ್ತಾಗಲ್ವಾ ಅಂದಳು. ಹೂಂ ಅಂದ ಮರಿದೇವ. ಆ ಹೊತ್ತು ಅವಳೇ ಪಕ್ಕದಲ್ಲಿ ನಿಂತು ಡಬ್ಬ ತೆಗೆಸಿದಳು, ತೂತಿಗೆ ತೂತು ಸೇರಿಸಿದಳು. ಬೋಲ್ಟು ಮರಿದೇವ ಬಿಗಿದ. ಅವನು ಬಿಗಿದ ಬೋಲ್ಟು ಭೂಮಿ ಅದುರಿದರೂ ಅಲುಗುವ ಹಾಗಿರಲಿಲ್ಲ.

ಮಂಗಳವಾರ ತಂತಿ ಜೋಡಿಸಲು ಇನಾಯತ್ ಸಾಬರು ಬಂದರು. ವಯಸ್ಸಾದವರು, ಕನ್ನಡಕ, ಮೇಲೊಂದು ಕೋಟು. ಹೊಂಬಾಳಮ್ಮ ಒಲೆ ಮುಂದಿದ್ದಳು. ಸಾಬರು ಬಂದ್ರು, ಕೂರಿಸಪ್ಪ ಅಂತ ಒಳಗಿಂದಲೇ ಕೂಗಿದಳು. ಹೂಂ ಅಂದ ಮರಿದೇವ.

ಮೊದಲು ಕೈಚೀಲ ತೆಗೆದ, ಸಾಬರು ಮರ್ಯಾದೆ ಅಂದುಕೊಂಡರು. ಚಪ್ಪಲಿ ಕಳಚಿದ, ಬೇಡಪ್ಪ ಅಂತ ನಾಚಿಕೊಂಡರು. ಕೋಟು ಬಿಚ್ಚಿದ, ಸೆಕೆಯಲ್ಲವಾ ಅಂತ ಸುಮ್ಮನಾದರು. ಕನ್ನಡಕ ತೆಗೆದಾಗ ಅವರಿಗೆ ಏನೂ ಕಾಣದಾಯಿತು. ಅಂಗಿಯ ಮೂರನೇ ಗುಂಡಿಗೆ ಕೈ ಬಂದಾಗ ಅವರು ಅಂಗಿ ಹಿಡಿದುಕೊಂಡು, "ಹೊಂಬಾಳಕ್ಕಾ, ಒಂದು ಗಳಿಗೆ ಹೊರಗೆ ಬರ್ತೀಯಾ?" ಅಂತ ಕರೆದರು.

ಅವಳು ಬಂದು ನೋಡಿ ನಾಚಿಕೆಯಿಂದ ಗೋಡೆ ಕಡೆ ತಿರುಗಿಬಿಟ್ಟಳು. ಮನೆಗೆ ಬಂದವರನ್ನ ನೆರಳಲ್ಲಿ ಕೂರಿಸಬೇಕು, ಕಾಫಿ ಕೊಡಬೇಕು, ಊಟ ಆಯ್ತಾ ಅಂತ ಕೇಳಬೇಕು, ಅದು ಬಿಟ್ಟು ಇದೇನು ಅಂತ ಬೈದಳು. ಹೂಂ ಅಂದ ಮರಿದೇವ. ಸಾಬರು ನಕ್ಕು ಗುಂಡಿ ಹಾಕಿಕೊಂಡರು. ಮಿಶನ್ನು ನೋಡಿದ ಮೇಲೆ ನಗು ನಿಂತಿತು. ಮೋಟರ್ ಚೆನ್ನಾಗಿವೆ, ಆದರೆ ಇವಕ್ಕೆ ಹಳೇ ಡ್ರೈವರ್ ಸಾಲಲ್ಲ, ಹೊಸ ಡ್ರೈವರ್ ಬೇಕು, ಅದಿಲ್ಲದೆ ಮೋಟರ್ ಓಡಲ್ಲ ಅಂದರು. ಡ್ರೈವರ್ ಅಂದರೆ ಮೋಟರಿಗೆ ಕರೆಂಟನ್ನು ಅಳೆದು ಅಳೆದು ಕೊಡುವ ಒಂದು ಸಣ್ಣ ಪೆಟ್ಟಿಗೆ. ಅದು ಹೊಂಬಾಳಮ್ಮನಿಗೆ ಗೊತ್ತಿತ್ತು. ಬಸ್ ಸ್ಟ್ಯಾಂಡ್ ಹತ್ತಿರ ಸಿಗುತ್ತೆ, ಬೆಳಿಗ್ಗೆ ಹೋಗಿ ಒಂದು ಡ್ರೈವರ್ ತಗೊಂಡು ಬಾ ಅಂತ ಮಗನಿಗೆ ಹೇಳಿದಳು. ಹೂಂ ಅಂದ ಮರಿದೇವ.

ಬುಧವಾರ ಅವಳು ಕಾಯಿಗೆ ಬಣ್ಣ ಹಾಕುವ ಅರಗು ತರಲು ಹೋಗಿ ಬರುವಷ್ಟರಲ್ಲಿ ಜಗಲಿಯ ನೆರಳಿನಲ್ಲಿ ಖಾಕಿ ಅಂಗಿಯ ಒಬ್ಬ ಆಳು ಕೂತಿದ್ದ. ಕಾಫಿ ಕುಡಿದಾಗಿತ್ತು. ಊಟ ಆಯ್ತಾ ಅಂತ ಕೇಳಿದ್ದಕ್ಕೆ ಇಲ್ಲ ಅಂದಿದ್ದನಂತೆ, ಎರಡನೇ ಮುದ್ದೆ ಮುರಿಯುತ್ತಿದ್ದ. ಹೊಂಬಾಳಮ್ಮನನ್ನು ನೋಡಿ ಕೈ ತೊಳೆದು ಎದ್ದು, ಗಾಡಿ ಎಲ್ಲಿದೆ ತಾಯಿ ಅಂದ. ಮರಿದೇವ ಲೇತಿನ ಕಡೆ ಕೈ ತೋರಿಸಿದ. ಆ ಮನುಷ್ಯ ಮೇಜಿನ ಸುತ್ತ ಒಂದು ಸುತ್ತು ಬಂದ, ಬಗ್ಗಿ ಕೆಳಗೂ ನೋಡಿದ.

"ನನ್ನ ಲೈಸನ್ಸು ಲಾರಿಗೆ ಮಾತ್ರ ಕಣಮ್ಮ. ಇಷ್ಟು ಸಣ್ಣದು ನಾನು ಓಡಿಸಿಲ್ಲ" ಅಂದ.

ಅವನನ್ನು ಕೈ ಮುಗಿದು ಕಳಿಸಿದ ಮೇಲೆ ಹೊಂಬಾಳಮ್ಮ ಬೆರಳು ಮಡಿಸಿ ದಿನ ಎಣಿಸಿದಳು. ಶನಿವಾರಕ್ಕೆ ಎರಡೇ ದಿನ ಇತ್ತು. ಕೊನೆಗೆ, ಹೆಸರು ಕೇಳಿ ಓಡಬೇಡ ಮಗನೇ, ವಸ್ತುವಿನ ಮೈಮೇಲೆ ಏನು ಬರೆದಿದೆ ಅಂತ ಓದು, ಓದಿ ಅದರ ಪ್ರಕಾರ ಮಾಡು ಅಂದಳು. ಹೂಂ ಅಂದ ಮರಿದೇವ. ಡ್ರೈವರ್ ಪೆಟ್ಟಿಗೆಯನ್ನು ಅವಳೇ ಹೋಗಿ ತಂದಳು.

ಸಾಬರು ಅದನ್ನು ಜೋಡಿಸಿ ಸ್ವಿಚ್ ಹಾಕಿದರು. ಮೋಟರ್ ಗುಂಯ್ ಅಂದವು. ಉಳಿ ತಾನಾಗಿ ಮುಂದೆ ಬಂತು, ತಾನಾಗಿ ಹಿಂದೆ ಹೋಯಿತು. ಹೂವಿನ ಎಸಳಿನ ಹಾಗೆ ಮರದ ಸಿಪ್ಪೆ ಉದುರಿ ಒಳಗಿಂದ ಒಂದು ಪೇದೆ ಹುಟ್ಟಿತು. ಹೊಂಬಾಳಮ್ಮ ಅದನ್ನು ಕಣ್ಣು ಮುಚ್ಚಿ ಮುಟ್ಟಿದಳು. ಎರಡು ವರ್ಷದ ಮೇಲೆ ಅವಳ ಮನೆಯಲ್ಲಿ ಒಂದು ವಸ್ತು ಗೀರಿಲ್ಲದೆ ಹುಟ್ಟಿತ್ತು. ಒಂದು ಕಾಯಿ ಮುಗಿದಾಗಲೆಲ್ಲ ಈ ಗುಂಡಿ ಒತ್ತಿ ಉಳಿಯನ್ನು ಹೋಮ್‌ಗೆ ಕಳಿಸಬೇಕು, ಹೋಮ್ ಅಂದರೆ ಅದು ಹೊರಟ ಜಾಗ ಅಂತ ಸಾಬರು ಅವಳಿಗೆ ಹೇಳಿಕೊಟ್ಟು ಹೋದರು. ಮರಿದೇವ ಆಗ ಹೊರಗೆ ಜಗಲಿಯಲ್ಲಿ ಮರ ತುಂಡು ಮಾಡುತ್ತಿದ್ದ.

ಗುರುವಾರವೆಲ್ಲ ಮಿಶನ್ನು ಓಡಿತು. ಹೊಂಬಾಳಮ್ಮ ಒಳಗೆ ಕಾಯಿ ಕಡೆಸಿದಳು. ಮರಿದೇವ ಜಗಲಿಯಲ್ಲಿ ಕಪ್ಪು ಕಾಯಿಗಳ ತಲೆಗೆ ಸಣ್ಣ ಮೊಳೆ ಹೊಡೆದ, ಮುಟ್ಟಿದರೆ ಕಪ್ಪು ಅಂತ ಗೊತ್ತಾಗಲಿಕ್ಕೆ. ಶುಕ್ರವಾರ ಮಧ್ಯಾಹ್ನಕ್ಕೆ ಅರವತ್ಮೂರು ಮುಗಿದವು. ಕೊನೆಯ ರಾಜ ತಿರುಗುತ್ತಿದ್ದ. ಹೊಂಬಾಳಮ್ಮನಿಗೆ ಸೊಂಟ ಬಿದ್ದುಹೋಗಿತ್ತು. ಮಗನನ್ನು ಕರೆದು, ಇದು ಮುಗೀತಿದ್ದ ಹಾಗೆ ಹೋಮ್‌ಗೆ ಕಳಿಸಿಬಿಡು ಅಂತ ಹೇಳಿ ಒಂದು ಗಳಿಗೆ ಮಲಗಿದಳು. ಹೂಂ ಅಂದ ಮರಿದೇವ.

ಹೋಮ್ ಅಂದರೆ ಮನೆ ಅಂತ ಅವನಿಗೆ ಗೊತ್ತಿತ್ತು. ಇದರ ಮನೆ ಎಲ್ಲಿ? ಅವ್ವ ಹೇಳಿದ ಹಾಗೆ ಮಿಶನ್ನಿನ ಮೈಮೇಲೆ ಏನು ಬರೆದಿದೆ ಅಂತ ಓದಿದ. ಹಿತ್ತಾಳೆ ತಗಡಿನ ಮೇಲೆ ಕೊಯಮತ್ತೂರಿನ ಒಂದು ಕಾರ್ಖಾನೆಯ ವಿಳಾಸ ಇತ್ತು.

ಅವಳು ಎದ್ದಾಗ ಮೇಜು ಬರಿದಾಗಿತ್ತು. ಮರಿದೇವ ಬೆವರು ಒರೆಸಿಕೊಳ್ಳುತ್ತಾ, ಮೂರು ಗಂಟೆ ಪಾರ್ಸೆಲ್ ಲಾರಿಗೆ ಹತ್ತಿಸಿ ಬಂದೆ ಅವ್ವ, ದಾರಿಗೆ ಮೊಸರನ್ನದ ಪೊಟ್ಟಣಾನೂ ಕಟ್ಟಿಕೊಟ್ಟೆ ಅಂದ. ರಾಜ ಎಲ್ಲೋ ಅಂದಳು ಅವಳು. ಅವನೂ ಅದರ ಬಾಯಲ್ಲೇ ಇದ್ದಾನೆ, ತೆಗಿ ಅಂತ ನೀನು ಹೇಳಲಿಲ್ಲವಲ್ಲ ಅಂದ.

ಆ ಸಲ ಹೊಂಬಾಳಮ್ಮ ಬೈಯಲಿಲ್ಲ, ನೆಲದ ಮೇಲೆ ಕೂತುಬಿಟ್ಟಳು. ಸುದ್ದಿ ತಿಳಿದು ಸಾಬರು ಸೈಕಲ್ ಹತ್ತಿ ಪಾರ್ಸೆಲ್ ಆಫೀಸಿಗೆ ಹೋಗಿ ಬಂದರು. ಲಾರಿ ಊರು ದಾಟಿತ್ತು, ಮಿಶನ್ನು ತಿರುಗಿ ಬರುವುದು ಮಂಗಳವಾರ. ಅರವತ್ಮೂರು ಕಾಯಿ ಇದ್ದವು, ಒಂದು ಮಣೆಗೆ ಬಿಳಿ ರಾಜ ಇರಲಿಲ್ಲ. ರಾಜನಿಲ್ಲದೆ ಆಟ ಹೇಗೆ?

ಶನಿವಾರ ಬೆಳಕು ಹರಿಯುತ್ತಿದ್ದ ಹಾಗೆ ಅವಳು ಕೈಯಲ್ಲಿ ಉಳಿ ಹಿಡಿದು ಕಡೆಯುವ ತನ್ನ ಹಳೇ ಲೇತಿನ ಮೇಲಿನ ಗೋಣಿ ತೆಗೆದಳು. ಉಳಿ ಹಿಡಿದಳು. ಕೈ ನಡುಗಿತು, ಒಂದು ರಾಜ ಕೆಟ್ಟ. ಇನ್ನೊಂದು ತುಂಡು ಏರಿಸಿದಳು, ಅದೂ ಕೆಟ್ಟಿತು. ಕಣ್ಣಲ್ಲಿ ನೀರು ಬಂತು. ಮರಿದೇವ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಬಾ ಇಲ್ಲಿ" ಅಂದಳು. "ನನ್ನ ಮುಂಗೈ ಹಿಡಿ. ಗಟ್ಟಿಯಾಗಿ ಹಿಡಿ. ನಾನು ಬಿಡು ಅನ್ನೋವರೆಗೂ ಬಿಡಬೇಡ."

ಹೂಂ ಅಂದ ಮರಿದೇವ. ಹಿಡಿದ. ಮರದ ಪುಡಿ ಕಣ್ಣಿಗೆ ಬಿತ್ತು, ಬಿಡಲಿಲ್ಲ. ಸೀನು ಬಂತು, ಸೀನಲೇ ಇಲ್ಲ. ಅವನ ಹಿಡಿತದಲ್ಲಿ ಅವಳ ಕೈ ಕಲ್ಲಾಯಿತು. ನಲವತ್ತು ವರ್ಷದ ಕಸುಬು ಆ ಕೈಗೆ ತಿರುಗಿ ಬಂತು. ರಾಜ ಹುಟ್ಟಿದ. ಬೇರೆ ಮೂರು ರಾಜರ ಪಕ್ಕ ಇಟ್ಟು ಮುಟ್ಟಿ ನೋಡಿದಳು, ಯಾವುದು ಮಿಶನ್ನಿನದು, ಯಾವುದು ತನ್ನದು ಅಂತ ಅವಳಿಗೇ ತಿಳಿಯಲಿಲ್ಲ.

ಹೊರಗೆ ಆಟೋ ಬಂದು ನಿಂತಿತು, ಸಾಬರು ಕಳಿಸಿದ್ದು. ಹೊತ್ತಾಗಿತ್ತು. ಕಾಯಿ ತುಂಬಿದ ಡಬ್ಬ ಎತ್ತಿಕೊ ಅಂದಳು. ಮರಿದೇವ ಒಂದು ಕೈಯಲ್ಲಿ ಡಬ್ಬ ಎತ್ತಿಕೊಂಡ, ಇನ್ನೊಂದು ಕೈಯಲ್ಲಿ ಅವ್ವನ ಮುಂಗೈ ಹಾಗೇ ಇತ್ತು. ಬಿಡು ಅನ್ನಲು ಬಾಯಿ ತೆರೆದವಳು ಕೈ ನೋಡಿಕೊಂಡಳು. ಅದು ನಡುಗುತ್ತಿರಲಿಲ್ಲ. ಇರಲಿ ಅಂದುಕೊಂಡು ಹಾಗೇ ಆಟೋ ಹತ್ತಿದಳು.

ಶಾಲೆಯ ಮೆಟ್ಟಿಲ ಮೇಲೆ ಜಲಜಾಕ್ಷಿ ಟೀಚರ್ ಕಾಯುತ್ತಿದ್ದರು, ಹಿಂದೆ ಮಕ್ಕಳೆಲ್ಲ ನಿಂತಿದ್ದರು. ಟೀಚರ್ ಹೊಂಬಾಳಮ್ಮನ ಕೈ ಹಿಡಿಯಲು ಹೋಗಿ ಎರಡು ಕೈ ಮುಟ್ಟಿ, ಇದ್ಯಾರ ಕೈ ಅಂತ ಕೇಳಿದರು. ನನ್ನ ಮಗಂದು ಅಂದಳು ಅವಳು, ನಾಚಿಕೊಂಡು. ಆಮೇಲೆ ಮಗನ ಕಡೆ ತಿರುಗಿ ಮೆಲ್ಲಗೆ, "ಸಾಕು, ಬಿಡಪ್ಪ" ಅಂದಳು.

ಹೂಂ ಅಂದ ಮರಿದೇವ. ಬಿಟ್ಟ. ಎರಡು ಕೈಯನ್ನೂ ಬಿಟ್ಟ.

ಡಬ್ಬ ಮೆಟ್ಟಿಲಿಗೆ ಬಿದ್ದು ಬಾಯಿ ತೆರೆಯಿತು. ಅರವತ್ನಾಲ್ಕು ಕಾಯಿ ಟಕಟಕ ಅಂತ ಅಂಗಳಕ್ಕೆಲ್ಲ ಉರುಳಿದವು. ಹೊಂಬಾಳಮ್ಮ ಬಗ್ಗುವಷ್ಟರಲ್ಲಿ ಮಕ್ಕಳು ಸದ್ದು ಹಿಡಿದು ಅಂಗಳಕ್ಕಿಳಿದಿದ್ದರು. ನೆಲ ತಡವಿದರು. ಬಿಳಿ ಪೇದೆ ಟೀಚರ್ ಅಂತ ಒಬ್ಬಳು ಕೂಗಿದಳು, ಕಪ್ಪು ಮಂತ್ರಿ ನನ್ನ ಹತ್ರ ಅಂತ ಇನ್ನೊಬ್ಬ. ಒಬ್ಬರೂ ಒಂದು ಹೆಸರೂ ತಪ್ಪಲಿಲ್ಲ. ಕೈಯಲ್ಲಿ ಕಡೆದ ರಾಜನೂ ಚರಂಡಿ ಪಕ್ಕದಲ್ಲಿ ಸಿಕ್ಕಿದ, ಎತ್ತಿಕೊಂಡ ಹುಡುಗ ರಾಜ ಅಂತಲೇ ಕೂಗಿದ.

ಹೊಂಬಾಳಮ್ಮ ಮೆಟ್ಟಿಲ ಮೇಲೆ ಕೂತು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ನಕ್ಕು ನಕ್ಕು ಅತ್ತಳು. ಮರಿದೇವ ಹತ್ತಿರ ಬಂದು, ಈಗ ಏನು ಹಿಡೀಲಿ ಅವ್ವ ಅಂದ. ಏನೂ ಹಿಡೀಬೇಡ ಕಣಪ್ಪ ಅಂದಳು.

ಪಂದ್ಯ ಸಂಜೆವರೆಗೂ ನಡೆಯಿತು. ನಡುವೆ ಟೀಚರ್ ಎಲ್ಲರಿಗೂ ಕಾಫಿ ಕೊಡಿಸಿದರು. ಮರಿದೇವ ಮಾತ್ರ ಎರಡು ಕೈಯನ್ನೂ ಅಗಲ ಮಾಡಿಕೊಂಡು ಗೋಡೆ ಪಕ್ಕ ನಿಂತೇ ಇದ್ದ. ಲೋಟ ತಗೊಳ್ಳಪ್ಪ, ಆರುತ್ತೆ ಅಂದರು ಟೀಚರ್.

"ಹಿಡಿಯೋ ಹಾಗಿಲ್ಲ ಟೀಚರ್" ಅಂದ ಮರಿದೇವ. "ನೀವೇ ಕುಡಿಸಿ."